ಕುಂಕುಮವಿಲ್ಲದ ಸ್ಪ್ಯಾನರ್

ಕಿಟ್ಟಣ್ಣ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕಾರ್ ಶೆಡ್ಡಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಮುಂದೆ, ಎಣ್ಣೆ ಕುಡಿದು ಕಪ್ಪಾದ ಸಿಮೆಂಟಿನ ಮೇಲೆ, ಒಡೆದ ಬೂದುಗುಂಬಳಕಾಯಿಯ ಹೋಳುಗಳು ಕೊಳೆತು ನೀರಾಗಿ ಬಿದ್ದಿದ್ದವು. ಹೋಳಿನ ಹೊಟ್ಟೆಗೆ ತುಂಬಿದ್ದ ಕುಂಕುಮ ಕರಗಿ ಹರಿದು, ಗ್ರೀಸಿನ ಜೊತೆ ಸೇರಿ, ವಾಸಿಯಾಗದ ಹುಣ್ಣಿನ ಹಾಗೆ ಹೆಪ್ಪುಗಟ್ಟಿತ್ತು. ನೊಣಗಳು ಏಳುತ್ತಿದ್ದವು, ಮತ್ತೆ ಅಲ್ಲೇ ಕೂರುತ್ತಿದ್ದವು.

ಆಯುಧ ಪೂಜೆ ಕಳೆದು ವಾರವಾಗಿತ್ತು. ದೇವರ ಹೆಸರು ಹೇಳಿ ಒಡೆದದ್ದನ್ನು ಎತ್ತಿ ಆಚೆ ಹಾಕಬೇಕೆಂದು ಅರಬರ ನಾಡಿನ ಬುದಯ್ಯ ಎಂಬ ಊರಿನ ಈ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.

"ಏನು ಹುಡುಕ್ತಿದ್ದೀರಿ ಕಿಟ್ಟಣ್ಣನವರೇ?" ಶೆಡ್ಡಿನ ಬಾಗಿಲಲ್ಲಿ ನಿಂತ ಮನೆಯ ಯಜಮಾನ ಬಾಲಸುಬ್ರಹ್ಮಣ್ಯ ಕೇಳಿದರು. "ಕಾರು ಪೊಲೀಸರ ಯಾರ್ಡಲ್ಲಿದೆ. ಇಲ್ಲಿರೋದು ನನ್ನ ಟೂಲ್ಸ್ ಅಷ್ಟೆ."

"ಅದನ್ನೇ ನೋಡ್ತಾ ಇದ್ದೇನೆ. ಚಂದ ಉಂಟು."

"ಜರ್ಮನ್ ಸೆಟ್ಟು!" ಹೊಗಳಿಕೆ ಕೇಳಿದ್ದೇ ಬಾಲಸುಬ್ರಹ್ಮಣ್ಯರ ಮುಖ ಅರಳಿತು. "ಗ್ಯಾರೇಜಿನವರೆಲ್ಲ ಕಳ್ಳರು. ಎಷ್ಟೋ ವರ್ಷ ಆಯ್ತು ನಾನು ಗ್ಯಾರೇಜಿಗೆ ಕಾಲಿಟ್ಟು. ಆಯಿಲ್ ಚೇಂಜು, ಪ್ಲಗ್ಗು, ಕ್ಲಚ್ಚು, ಬ್ರೇಕು, ಎಲ್ಲ ಇಲ್ಲೇ. ಪುಸ್ತಕ ತೆಗೆದಿಟ್ಟುಕೊಂಡು ನನ್ನ ಕೈಯಾರೆ."

"ಬ್ರೇಕೂ?"

ಬಾಲಸುಬ್ರಹ್ಮಣ್ಯ ಕೆಮ್ಮಿದರು. "ಹಿಂದೆ ಮಾಡ್ತಿದ್ದೆ ಅಂದೆ. ಈ ಸಲ ಮುಟ್ಟಿಲ್ಲ. ಪೊಲೀಸಿಗೂ ಅದನ್ನೇ ಹೇಳಿದ್ದೀನಿ."

ಪೊಲೀಸಿಗೆ ಹೇಳಿದ ಆ ಮಾತೇ ಯಶವಂತ್ ಎಂಬ ಹುಡುಗನ ಕೊರಳಿಗೆ ಉರುಳಾಗಿತ್ತು. ವಿಜಯದಶಮಿಯ ಬೆಳಿಗ್ಗೆ ಬಾಲಸುಬ್ರಹ್ಮಣ್ಯರ ಬಿಳಿ ಕಾರನ್ನು ಕೇಳಿ ಪಡೆದುಕೊಂಡು ಹೋದ ಯಶವಂತ್, ಹಮದ್ ಟೌನಿನ ರೌಂಡ್‌ಅಬೌಟಿನಲ್ಲಿ ಜೆರಾಲ್ಡ್ ಎಂಬ ಸೈಕಲ್ ಸವಾರನಿಗೆ ಗುದ್ದಿದ್ದ. ಜೆರಾಲ್ಡ್ ಅಲ್ಲೇ ಸತ್ತ. 'ಬ್ರೇಕ್ ಹಿಡಿಯಲಿಲ್ಲ' ಎಂದು ಯಶವಂತ್ ಬಾಯಿ ಬಡಿದುಕೊಂಡರೂ, ಮರುದಿನ ಪೊಲೀಸ್ ಮೆಕ್ಯಾನಿಕ್ ಒತ್ತಿ ನೋಡಿದಾಗ ಪೆಡಲ್ ಗಟ್ಟಿಯಾಗಿ ನಿಂತಿತು. ಈಗ ಯಶವಂತ್ ಲಾಕಪ್ಪಿನಲ್ಲಿದ್ದ. ನಾಳೆ ಶನಿವಾರ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು.

ಅವನ ಹೆಂಡತಿ ಸೌಜನ್ಯ ಗೇಟಿನ ಹೊರಗೆ ಕಿಟ್ಟಣ್ಣನ ಕಾರಿನಲ್ಲಿ, ಗಂಡನಿಗೆಂದು ತಂದ ಊಟದ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. "ಅಂಕಲ್, ಅವ್ರು ಸುಳ್ಳು ಹೇಳೋರಲ್ಲ. ನೀವೇ ಬಿಡಿಸ್ಕೊಡ್ಬೇಕು" ಎಂದು ಆಕೆ ಕಾಲಿಗೆ ಬಿದ್ದ ದಿನದಿಂದ ಕಿಟ್ಟಣ್ಣನಿಗೆ ಸಂಧ್ಯಾವಂದನೆಯಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ.

ಕಿಟ್ಟಣ್ಣ ಪೊಲೀಸರಲ್ಲ, ವಕೀಲರಲ್ಲ. ಮೀನಾ ಸಲ್ಮಾನ್ ಬಂದರಿನಲ್ಲಿ ಅರಬಿ ಯಜಮಾನನೊಬ್ಬನ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವ ಮ್ಯಾನೇಜರು. ಶುಕ್ರವಾರ ಭಜನೆಯಲ್ಲಿ ತಾಳ ಹಿಡಿಯುವವರು. ಆದರೆ ನಮ್ಮವರಲ್ಲಿ ಎಲ್ಲಿ ಗಂಟು ಬಿದ್ದರೂ ಬಿಡಿಸುವುದಕ್ಕೆ ಅವರನ್ನೇ ಕರೆಯುವುದು ವಾಡಿಕೆಯಾಗಿಬಿಟ್ಟಿತ್ತು.

ನಿನ್ನೆ ಅವರು ಪೊಲೀಸ್ ಯಾರ್ಡಿಗೆ ಹೋಗಿ, ಬೇಡಿ ಕಾಡಿ, ಆ ಕಾರಿನ ಬಾನೆಟ್ ತೆಗೆಸಿದ್ದರು. ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ಬಿಚ್ಚಿದಾಗ ಅದರೊಳಗಿನ ರಬ್ಬರು ನೆನೆಸಿದ ಕಡಲೆಯ ಹಾಗೆ ಉಬ್ಬಿತ್ತು. ಮತ್ತೆ ಹಾಕಹೋದರೆ ಕೂರಲಿಲ್ಲ. ಬ್ರೇಕ್ ಆಯಿಲಿಗೆ ರಬ್ಬರು ಹಾಗೆ ಉಬ್ಬುವುದಿಲ್ಲ. ಬೇರೆ ಯಾವುದೋ ಎಣ್ಣೆ ಒಳಗೆ ಹೋಗಿದೆ. ಅಂಥ ಬ್ರೇಕು ಒಳಗೊಳಗೇ ಬಿಗಿದು, ಓಡುತ್ತಾ ಓಡುತ್ತಾ ಕಾದು, ಬೇಕಾದ ಹೊತ್ತಿಗೆ ಕೈಕೊಡುತ್ತದೆ. ತಣ್ಣಗಾದ ಮೇಲೆ ಏನೂ ಆಗದ ಹಾಗೆ ಮತ್ತೆ ಎದ್ದು ನಿಲ್ಲುತ್ತದೆ.

ಪೊಲೀಸ್ ಅಧಿಕಾರಿ ಎಲ್ಲ ಕೇಳಿ, ಹಿಂದಿಯಲ್ಲಿ ಒಂದೇ ಮಾತು ಹೇಳಿದ್ದ. "ಹಾಕಿದ್ದು ಯಾರು, ಯಾವಾಗ? ಮಾಲಿಕನೇ ಹೇಳ್ತಾನೆ ಯಾರೂ ಮುಟ್ಟಿಲ್ಲ ಅಂತ. ಖಲಾಸ್."

ಆ 'ಖಲಾಸ್' ಅನ್ನು ಒಡೆಯುವುದಕ್ಕೇ ಕಿಟ್ಟಣ್ಣ ಈ ನಾತದಲ್ಲಿ ಕೂತಿದ್ದರು.

ಒಳಗೆ ಫೋನು ಬಡಿಯಿತು. ಬಾಲಸುಬ್ರಹ್ಮಣ್ಯ ಹೋದರು.

ಶೆಡ್ಡಿನ ಗೋಡೆಗೆ ದೇವಿಯ ಪಟ. ಅದರ ಮುಂದಿನ ಮರದ ಹಲಗೆಯ ಮೇಲೆ ಬಿಳಿ ಪಂಚೆ ಹಾಸಿ, ಸ್ಪ್ಯಾನರು, ಸುತ್ತಿಗೆ, ಸ್ಕ್ರೂಡ್ರೈವರ್ ಎಲ್ಲವನ್ನೂ ಮದುವೆಮನೆಯ ಊಟದ ಪಂಕ್ತಿಯಂತೆ ಸಾಲಾಗಿ ಜೋಡಿಸಿತ್ತು. ಮೇಲಿನ ಚೆಂಡುಹೂವಿನ ಮಾಲೆ ಒಣಗಿ ಕಂದಾಗಿ ಜಿರಲೆಗಳ ಬಿಡಾರವಾಗಿತ್ತು. ಪ್ರತಿಯೊಂದು ಉಪಕರಣದ ಮೇಲೂ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು.

ಒಂದರ ಮೇಲೆ ಮಾತ್ರ ಇರಲಿಲ್ಲ.

ಅದು ಕಿರುಬೆರಳ ಗಾತ್ರದ ರಿಂಗ್ ಸ್ಪ್ಯಾನರ್. ಒರೆಸಿ ಒರೆಸಿ ಪಳಪಳ ಮಾಡಿಟ್ಟಿತ್ತು. ಕಿಟ್ಟಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿದರು. ಪಂಚೆಯ ಮೇಲೆಲ್ಲ ಎರಚಿದ ಕುಂಕುಮದ ನಡುವೆ ಅದರ ಆಕಾರ ಬೆಳ್ಳಗೆ ಹಾಗೇ ಉಳಿದಿತ್ತು. ಅಂದರೆ ಪೂಜೆಯ ಹೊತ್ತಿಗೆ ಅದು ಅಲ್ಲೇ ಇತ್ತು. ಆಮೇಲೆ ಯಾರೋ ಎತ್ತಿಕೊಂಡಿದ್ದಾರೆ, ಒರೆಸಿ ವಾಪಸ್ ಇಟ್ಟಿದ್ದಾರೆ.

"ಶ್! ಕಿಟ್ಟಣ್ಣಾ! ಓ ಕಿಟ್ಟಣ್ಣಾ!"

ಕಾಂಪೌಂಡ್ ಗೋಡೆಯ ಮೇಲಿಂದ ಒಂದು ತಲೆ ಇಣುಕಿತು. ಪಕ್ಕದ ಮನೆಯ ಕ್ಲೊಟಿಲ್ಡಾ. ಆಸ್ಪತ್ರೆಯ ಹೆರಿಗೆ ವಾರ್ಡಿನ ನರ್ಸು, ಮಂಗಳೂರಿನ ಕಡೆಯವಳು. ಬಾಯಲ್ಲಿ ಬಟ್ಟೆಯ ಕ್ಲಿಪ್ಪು.

"ಎಂತ ಬಾಯಮ್ಮ, ಗೋಡೆ ಹತ್ತಿದ್ದು?"

"ಹತ್ತಿದ್ದಲ್ಲ ಮಾರಾಯ್ರೆ, ಸ್ಟೂಲಿನ ಮೇಲೆ ನಿಂತದ್ದು. ಬಟ್ಟೆ ಒಣಗಿಸ್ಲಿಕ್ಕೆ." ಆಕೆ ಕ್ಲಿಪ್ಪು ತೆಗೆದಳು. "ಮೂಗು ಮುಚ್ಚಿದ್ದೀರಲ್ಲ, ಒಂದು ವಾರದಿಂದ ನಾನು ಕಿಟಕಿಯೇ ಮುಚ್ಚಿದ್ದೇನೆ. ದೇವರಿಗೆ ಇಟ್ಟದ್ದು ಕೊಳೆತ್ರೆ ಬೇರೆ ಎಲ್ಲಕ್ಕಿಂತ ಜಾಸ್ತಿ ನಾರ್ತದೆ, ಅಲ್ವಾ?"

"ನೀವು ಹೇಳ್ಲಿಕ್ಕೆ ಬಂದದ್ದು ಅದಲ್ಲ."

ಕ್ಲೊಟಿಲ್ಡಾ ಒಳಮನೆಯ ಕಡೆ ಕಣ್ಣು ಹಾಯಿಸಿ, ಧ್ವನಿ ತಗ್ಗಿಸಿದಳು. "ನಿಮ್ಮ ಆ ಹಬ್ಬದ ದಿನ, ಸಂಜೆ. ಇವರ ಹೆಂಡತಿ ಕೋಕಿಲಾ ಕೊಟ್ಟ ಪ್ರಸಾದ ತಿಂತಾ ಕೂತಿದ್ದೆ. ಈ ಶೆಡ್ಡಿಂದ ಗಂಡಸು ಬೊಬ್ಬೆ ಹಾಕ್ತಾ ಇದ್ದ. 'ಒತ್ತು! ಇನ್ನೂ ಒತ್ತು! ಹಿಡಿ, ಹಿಡಿ, ಬಿಡಬೇಡ! ಹಾಂ, ಈಗ ಬಿಡು!' ನನಗೆ ಜೀವ ಹೋಯ್ತು ನೋಡಿ. ಇಡೀ ದಿನ ವಾರ್ಡಲ್ಲಿ ನಾನು ಅದೇ ಹೇಳೋದು. ಇದೆಂತ, ಶೆಡ್ಡಲ್ಲಿ ಹೆರಿಗೆಯಾ ಅಂತ ಗ್ಲೌಸ್ ಹುಡುಕಿದೆ!"

ಕಿಟ್ಟಣ್ಣನಿಗೆ ಆ ನಾತದ ನಡುವೆಯೂ ನಗು ಬಂತು. ಮರುಗಳಿಗೆ ನಗು ಇಳಿಯಿತು.

ಮನೆಯಲ್ಲಿ ಬ್ರೇಕ್ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಪಲ್ಲವಿ ಅದು. ಪೈಪಿನೊಳಗಿನ ಏರ್ ತೆಗೆಯಬೇಕಾದರೆ ಒಬ್ಬ ಕಾರಿನ ಕೆಳಗೆ ಮಲಗಿ ಚಿಕ್ಕ ಸ್ಪ್ಯಾನರಿನಿಂದ ತಿರುಪು ಸಡಿಲಿಸಬೇಕು. ಇನ್ನೊಬ್ಬ ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು. ಒತ್ತು, ಹಿಡಿ, ಬಿಡು. ಒಬ್ಬನಿಂದ ಆಗುವ ಕೆಲಸವಲ್ಲ.

"ಇದನ್ನು ಪೊಲೀಸಿಗೆ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? 'ಆಕ್ಸಿಡೆಂಟ್ ನೋಡಿದ್ಯಾ' ಅಂತ ಕೇಳಿದ್ರು. ಇಲ್ಲ ಅಂದೆ." ಆಕೆಯ ಕಣ್ಣು ತುಂಬಿತು. "ಜೆರಾಲ್ಡ್ ನಮ್ಮ ಇಗರ್ಜಿಯವ. ಪ್ರತಿ ಕ್ರಿಸ್ಮಸ್ಸಿಗೆ ಗೋದಲಿ ಕಟ್ಟುದು ಅವನೇ. ಈ ಸಲ ಯೇಸುಬಾಲನನ್ನು ನೆಲದಲ್ಲೇ ಮಲಗಿಸ್ಬೇಕಾ? ಹೇಳಿ ಕಿಟ್ಟಣ್ಣ."

ಕಿಟ್ಟಣ್ಣ ಸ್ಪ್ಯಾನರನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟು ಎದ್ದರು.

* * *

ನಡುಮನೆಯಲ್ಲಿ ಊದುಬತ್ತಿ ಉರಿಯುತ್ತಿತ್ತು. ಶೆಡ್ಡಿನ ನಾತ ಅದರಡಿಯಿಂದಲೇ ನುಸುಳಿ ಬರುತ್ತಿತ್ತು. ಮೂಲೆಯಲ್ಲಿ ಊರಿಗೆಂದು ಕಟ್ಟಿಟ್ಟ ಸೂಟ್‌ಕೇಸುಗಳು ಹಾಗೇ ನಿಂತಿದ್ದವು. ಕೇಸು ಮುಗಿಯುವವರೆಗೆ ದೇಶ ಬಿಡಬಾರದೆಂದು ಪೊಲೀಸರು ಹೇಳಿದ್ದರು.

ಬಾಲಸುಬ್ರಹ್ಮಣ್ಯ ಸೋಫಾದಲ್ಲಿ ಕೂತಿದ್ದರು. ಬ್ಯಾಂಕಿನಲ್ಲಿ ಕೆಲಸ, ಮೈಸೂರಿನವರು, ಹಣೆಯಲ್ಲಿ ಅಡ್ಡ ವಿಭೂತಿ. ಹೆಂಡತಿ ಕೋಕಿಲಾ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಆಕೆಯ ಕಣ್ಣ ಕೆಳಗೆ ಮಸಿ ಬಳಿದಂತೆ ಕಪ್ಪಾಗಿತ್ತು.

"ಕಾಫಿ ತಗೊಳಿ," ಎಂದರು ಬಾಲಸುಬ್ರಹ್ಮಣ್ಯ. "ನೋಡಿ, ನನಗೂ ಆ ಹುಡುಗನ ಮೇಲೆ ಅಕ್ಕರೆ ಇದೆ. ಆದ್ರೆ ಇಲ್ಲದ್ದನ್ನ ಇದೆ ಅಂತ ನಾನು ಹೇಗೆ ಹೇಳ್ಲಿ? ಸ್ಪೀಡಾಗಿ ಹೋಗಿದ್ದಾನೆ, ಗುದ್ದಿದ್ದಾನೆ. ಈಗಿನ ಹುಡುಗರು."

"ಹಬ್ಬದ ದಿನ ನೀವು ಕಾರಿನ ಕೆಲಸ ಮಾಡ್ಲಿಲ್ಲ?"

"ಛೆ ಛೆ!" ಬಾಲಸುಬ್ರಹ್ಮಣ್ಯ ಎರಡೂ ಕೈಯಿಂದ ಕೆನ್ನೆ ಬಡಿದುಕೊಂಡರು. "ಆಯುಧ ಪೂಜೆ ದಿನ ಸ್ಪ್ಯಾನರ್ ಮುಟ್ಟೋದೇ? ಎಂಥ ಮಾತು! ತಾಯಿಯ ಪಾದದಲ್ಲಿ ಇಟ್ಟ ಮೇಲೆ ಮುಗೀತು. ನೀವೇ ನೋಡಿದಿರಲ್ಲ, ಇಟ್ಟದ್ದು ಇಟ್ಟ ಹಾಗೇ ಇದೆ. ಆ ಸುದ್ದಿ ಬಂದ ಮೇಲೆ ತೆಗೆಯೋಕೂ ಮನಸ್ಸು ಬರಲಿಲ್ಲ. ನಾನು ಆಚಾರವಂತ ಮನುಷ್ಯ ಕಿಟ್ಟಣ್ಣನವರೇ. ನಿಮ್ಮ ಭಜನೇಲೇ ನಾನು ಹೇಳಿರಲಿಲ್ವೇ, ಆ ದಿನ ಉಪಕರಣಕ್ಕೆ ವಿಶ್ರಾಂತಿ ಕೊಡದವನು ಮನುಷ್ಯನೇ ಅಲ್ಲ ಅಂತ?"

ಹೌದು, ಹೇಳಿದ್ದರು. ಕಿಟ್ಟಣ್ಣ ತಾಳ ಕೆಳಗಿಟ್ಟು, ಕಣ್ಣು ಮುಚ್ಚಿ ಕೇಳಿದ್ದರು. ಊರಿನಲ್ಲಿ ಅವರ ತಂದೆ ಆ ದಿನ ಅಡಕತ್ತರಿಯನ್ನೂ ಮುಟ್ಟುತ್ತಿರಲಿಲ್ಲ. ಅಡಕೆಯನ್ನು ಹಲ್ಲಿನಲ್ಲೇ ಕಡಿದು, ದವಡೆ ನೋವೆಂದು ರಾತ್ರಿ ನರಳುತ್ತಿದ್ದರು. ಆ ಮುದುಕನ ಮುಖ ಈಗ ನೆನಪಾಗಿ, ಎದುರಿಗಿದ್ದ ಈ ವಿಭೂತಿಯ ಹಣೆಯನ್ನು ಕಿಟ್ಟಣ್ಣ ದಿಟ್ಟಿಸಿದರು.

ಅವರು ಜೇಬಿನಿಂದ ಕರವಸ್ತ್ರ ತೆಗೆದು ಟೀಪಾಯಿಯ ಮೇಲೆ ಬಿಚ್ಚಿದರು.

"ಇದಕ್ಕೆ ಯಾಕೆ ಕುಂಕುಮ ಇಲ್ಲ?"

ಬಾಲಸುಬ್ರಹ್ಮಣ್ಯರ ಕೈ ಕಾಫಿ ಲೋಟದ ಹತ್ತಿರವೇ ನಿಂತಿತು. "ಅದು... ಹಚ್ಚೋಕೆ ಮರೆತಿರಬೇಕು."

"ದೊಡ್ಡದು ಚಿಕ್ಕದು ಎಲ್ಲಕ್ಕೂ ಹಚ್ಚಿ, ಬ್ರೇಕಿನ ಏರ್ ತೆಗೆಯುವ ಒಂದನ್ನೇ ಮರೆತದ್ದಾ? ಕೆಳಗಿನ ಪಂಚೆಗೆ ಬಿದ್ದ ಕುಂಕುಮ ಇದರ ಮೇಲೆ ಬೀಳ್ಲಿಲ್ವಾ?"

"ಧೂಳಿತ್ತು ಅಂತ ಒರೆಸಿರಬಹುದು..."

"ಇಟ್ಟದ್ದು ಇಟ್ಟ ಹಾಗೇ ಉಂಟು ಅಂದ್ರಿ ಈಗಷ್ಟೆ."

"ಇದೇನು, ಒಂದು ಸ್ಪ್ಯಾನರ್ ಹಿಡ್ಕೊಂಡು ಕ್ರಾಸ್ ಎಕ್ಸಾಮಿನೇಷನ್ನಾ? ನೀವೇನು ಸಿ.ಐ.ಡಿ.ನಾ?"

"ಅಲ್ಲ. ಆದ್ರೆ ಹಬ್ಬದ ಸಂಜೆ ನಿಮ್ಮ ಶೆಡ್ಡಲ್ಲಿ 'ಒತ್ತು, ಹಿಡಿ, ಬಿಡು' ಅಂತ ಕೇಳಿದವರು ಇದ್ದಾರೆ. ನೀವು ಕೆಳಗೆ ಮಲಗಿದ್ರಿ. ಸೀಟಿನಲ್ಲಿ ಇದ್ದದ್ದು ಯಾರು?"

ಉತ್ತರ ಬಾಗಿಲಿನಿಂದ ಬಂತು.

"ಒತ್ತಿದ್ದು ನಾನೇ ಕಿಟ್ಟಣ್ಣನೋರೇ."

"ಕೋಕಿಲಾ! ಒಳಗೆ ಹೋಗೇ!"

"ಎಲ್ಲಿಗೆ ಹೋಗ್ಲಿ? ಒಳಗೆ ಹೋದ್ರೆ ದೇವರ ಮನೆ. ಅಲ್ಲಿ ಕೂರೋಕಾಗ್ತಿಲ್ಲ ನನಗೆ." ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಬೇಡ ಅಂದೆ. ಹಬ್ಬದ ದಿನ ಬೇಡ, ಕೈ ಮುಗೀತೀನಿ ಅಂದೆ. ಆ ಶನಿವಾರ ರಾತ್ರಿ ಊರಿಗೆ ಫ್ಲೈಟು, ಆಮೇಲೆ ಟೈಮೆಲ್ಲಿದೆ ಅಂದ್ರು. ದೇವಿ ಮುಂದೆ ನಿಂತು 'ತಪ್ಪಾಯ್ತು ತಾಯಿ' ಅಂತ ಒಂದು ನಮಸ್ಕಾರ ಹಾಕಿ ಎತ್ಕೊಂಡ್ರು. ಹಳೇ ಆಯಿಲೆಲ್ಲ ಇಳಿಸಿದ್ರು. ನಾನು ಪೆಡಲ್ ಒತ್ತಿದೆ."

ಬಾಲಸುಬ್ರಹ್ಮಣ್ಯ ಎದ್ದುನಿಂತರು. ಮುಖ ಬೆವರಿತ್ತು. ಈಗ ಈ ಮನುಷ್ಯ ತಲೆ ತಗ್ಗಿಸುತ್ತಾನೆ, ಹೌದು ತಪ್ಪಾಯಿತು ಎನ್ನುತ್ತಾನೆ ಎಂದು ಕಿಟ್ಟಣ್ಣ ಕಾದರು.

"ಅಷ್ಟೇ ಯಾಕೆ ಹೇಳ್ತೀಯಾ?" ಎಂದು ಬಾಲಸುಬ್ರಹ್ಮಣ್ಯ ಹೆಂಡತಿಯ ಕಡೆ ಬೆರಳು ಚಾಚಿದರು. "ಪೂರ್ತಿ ಹೇಳು! ಆಯಿಲ್ ಸುರಿದಿದ್ದು ಯಾರು? ನಾನು ಕೆಳಗಿದ್ದೆ ಕಿಟ್ಟಣ್ಣನವರೇ, ನನಗೆ ಮೇಲಿಂದೇನೂ ಕಾಣಲ್ಲ. ಡಬ್ಬಿಗೆ ಸುರಿದೋಳು ಇವಳು. ಏನು ಸುರಿದಳೋ ಇವಳನ್ನೇ ಕೇಳಿ. ಇವಳಿಗೆ ಎಳ್ಳೆಣ್ಣೆಗೂ ಹರಳೆಣ್ಣೆಗೂ ವ್ಯತ್ಯಾಸ ಗೊತ್ತಿಲ್ಲ! ಪೊಲೀಸು ಗಿಲೀಸು ಅಂದ್ರೆ ನಾನು ಇದನ್ನೇ ಹೇಳೋದು."

ಕೋಕಿಲಾ ಗಂಡನ ಮುಖವನ್ನೇ ನೋಡಿದಳು. ಅಳಲಿಲ್ಲ.

ಕಿಟ್ಟಣ್ಣ ತಮ್ಮ ಮುಂದಿದ್ದ ಕಾಫಿ ಲೋಟವನ್ನು ಬೆರಳಿನಿಂದ ಮೆಲ್ಲನೆ ದೂರ ಸರಿಸಿದರು. ಅಷ್ಟು ವರ್ಷದಲ್ಲಿ ಅವರು ಯಾರ ಮನೆಯ ಕಾಫಿಯನ್ನೂ ಹಾಗೆ ಸರಿಸಿದವರಲ್ಲ. ಸುಡುವ ಬಿಸಿಲಲ್ಲಿ ಸೈಕಲ್ ತುಳಿಯುತ್ತಿದ್ದ ಒಬ್ಬ ಸತ್ತ. ಇನ್ನೊಬ್ಬ ಲಾಕಪ್ಪಿನಲ್ಲಿ ಸೊಳ್ಳೆ ಹೊಡೆಯುತ್ತಿದ್ದಾನೆ. ಇಷ್ಟಾದ ಮೇಲೂ ತನ್ನ ಮಾನ ಉಳಿಸಿಕೊಳ್ಳಲು ಹೆಂಡತಿಯನ್ನು ಮುಂದೆ ನೂಕುವ ಈ ಕೈ, ಇದೇ ಕೈ, ಮೊನ್ನೆ ಮಂಗಳಾರತಿ ತಟ್ಟೆ ಹಿಡಿದಿತ್ತು. ಶೆಡ್ಡಿನಲ್ಲಿ ಕೊಳೆತ ಕುಂಬಳಕಾಯಿಯೇ ವಾಸಿ ಅನಿಸಿತು ಅವರಿಗೆ. ಅದು ಹೊರಗಿನಿಂದಲೇ ಕೊಳೆತದ್ದು ಕಾಣುತ್ತದೆ.

"ಆ ಬಾಟ್ಲಿ ಉಂಟಾ ಅಮ್ಮಾ?" ಎಂದು ಕೇಳಿದರು, ಕೋಕಿಲಾಳನ್ನು.

"ಸಮುದ್ರಕ್ಕೆ ಬಿಸಾಡು ಅಂದಿದ್ರು. ನನ್ನ ಕೈಯಿಂದ ಸುರಿದದ್ದು, ಹೇಗೆ ಬಿಸಾಡ್ಲಿ? ಅಡುಗೆಮನೇಲಿ ಗ್ಯಾಸ್ ಸಿಲಿಂಡರ್ ಹಿಂದೆ ಇಟ್ಟಿದ್ದೀನಿ."

ಆಕೆ ತಂದಳು. ಚಿಕ್ಕ ಪ್ಲಾಸ್ಟಿಕ್ ಬಾಟಲಿ, ಮೇಲೆ ಬ್ರೇಕ್ ಆಯಿಲಿನ ಲೇಬಲ್ಲು. ತಳದಲ್ಲಿ ತಿಳಿ ಹಳದಿ ದ್ರವ ಸ್ವಲ್ಪ ಉಳಿದಿತ್ತು.

"ನೋಡಿ, ಬರೆದಿದೆಯಲ್ಲ!" ಎಂದರು ಬಾಲಸುಬ್ರಹ್ಮಣ್ಯ. "ಸರಿಯಾದ ಆಯಿಲೇ!"

"ಒಂದು ಲೋಟ ನೀರು ಕೊಡಿ ಅಮ್ಮಾ."

ಸ್ಟೀಲ್ ಲೋಟದ ನೀರಿಗೆ ಕಿಟ್ಟಣ್ಣ ಬಾಟಲಿಯಿಂದ ಒಂದೆರಡು ಹನಿ ಬಿಟ್ಟರು. ಬ್ರೇಕ್ ಆಯಿಲ್ ಆಗಿದ್ದರೆ ನೀರಿನಲ್ಲಿ ಕರಗಿ ಕಾಣದಾಗಬೇಕಿತ್ತು. ಇದು ಕರಗಲಿಲ್ಲ. ಸಾರಿನ ಮೇಲಿನ ಒಗ್ಗರಣೆ ಎಣ್ಣೆಯ ಹಾಗೆ ದುಂಡು ದುಂಡಾಗಿ ತೇಲಿತು.

"ಲೇಬಲ್ಲು ಬ್ರೇಕಿಂದು. ಒಳಗಿದ್ದದ್ದು ಮೆಷಿನ್ ಎಣ್ಣೆ. ಅಮ್ಮಾ, ನೀವು ಓದಿ ನೋಡಿಯೇ ಸುರಿದದ್ದು. ನಿಮ್ಮ ತಪ್ಪಿಲ್ಲ."

ಕೋಕಿಲಾಳ ಬಾಯಿಂದ ಉಸಿರೊಂದು ಬಿಟ್ಟುಹೋಯಿತು. ಗೋಡೆ ಹಿಡಿದು ಕೆಳಗೆ ಕೂತಳು.

ಕಿಟ್ಟಣ್ಣನಿಗೂ ಎದೆ ಹಗುರಾಯಿತು. ದೇವರು ದೊಡ್ಡವನು ಅಂದುಕೊಂಡರು. ಹಾಕಿದ್ದು ಯಾರು, ಯಾವಾಗ ಎಂದು ಕೇಳಿದ ಪೊಲೀಸ್ ಅಧಿಕಾರಿಗೆ ಈಗ ಉತ್ತರ ಸಿಕ್ಕಿತ್ತು. ಉಬ್ಬಿದ ರಬ್ಬರಿದೆ, ಬಾಟಲಿಯಿದೆ, ಸುರಿದವರಿದ್ದಾರೆ. ಯಶವಂತ್ ಮನೆಗೆ ಬರುತ್ತಾನೆ.

"ಬಾಲಸುಬ್ರಹ್ಮಣ್ಯರೇ, ಅಂಗಿ ಹಾಕಿ. ಈಗಲೇ ಸ್ಟೇಷನ್ನಿಗೆ ಹೋಗುವ. ನಡೆದದ್ದು ನಡೆದ ಹಾಗೆ ಹೇಳಿ. ನೀವೂ ಮೋಸ ಹೋದವರೇ. ಹೇಳದಿದ್ರೆ ಮಾತ್ರ ನಾಳೆ ಕೋರ್ಟಲ್ಲಿ ನಾನು ಹೇಳ್ತೇನೆ, ಈ ಸ್ಪ್ಯಾನರ್ ತೋರಿಸಿ."

'ಮೋಸ ಹೋದವರು' ಎಂಬ ಮಾತು ಬಾಲಸುಬ್ರಹ್ಮಣ್ಯರಿಗೆ ಹಿಡಿಸಿತು. ಬೆವರು ಒರೆಸಿಕೊಂಡರು. "ಹೌದಲ್ವಾ? ನಾನೂ ವಿಕ್ಟಿಮ್ಮೇ. ಬರ್ತೀನಿ ಬಿಡಿ."

"ಅದಕ್ಕೆ ಮುಂಚೆ ಒಂದು ಹೇಳಿ. ಈ ಬಾಟ್ಲಿ ಯಾವ ಅಂಗಡಿಯದ್ದು? ಸೀಲು ಇತ್ತಾ?"

"ಇರ್ಲಿಲ್ಲ," ಎಂದಳು ಕೋಕಿಲಾ ನೆಲದಿಂದಲೇ. "ಮುಚ್ಚಳದ ಉಂಗುರ ಆಗಲೇ ಒಡೆದಿತ್ತು. ತಿರುಗಿಸಿದ ತಕ್ಷಣ ಬಂತು."

"ಅಂಗಡಿಯದ್ದಲ್ಲ ಅದು," ಎಂದರು ಬಾಲಸುಬ್ರಹ್ಮಣ್ಯ. "ನಮಗೆ ತಂದುಕೊಟ್ಟದ್ದು."

"ಯಾರು?"

"ಯಶವಂತ್."

ಊದುಬತ್ತಿಯ ಬೂದಿ ತಟ್ಟೆಗೆ ಬಿತ್ತು.

ಯಶವಂತ್ ಮೀನಾ ಸಲ್ಮಾನಿನಲ್ಲಿ ಹಡಗಿನ ಎಂಜಿನ್ ದುರಸ್ತಿ ಮಾಡುವ ಕಂಪನಿಯೊಂದರ ಎಂಜಿನಿಯರು. ಯಾವ ಎಣ್ಣೆ ಎಲ್ಲಿಗೆ ಎಂದು ನಿರ್ಧರಿಸುವುದೇ ಅವನ ಕೆಲಸ. ಎಣ್ಣೆಯನ್ನು ಬೆರಳಿಗೆ ಹಚ್ಚಿ ಹೆಸರು ಹೇಳುವ ಹುಡುಗ.

"ಯಾವಾಗ ಕೊಟ್ಟ?" ಕಿಟ್ಟಣ್ಣನ ಧ್ವನಿ ಅವರಿಗೇ ಬೇರೆಯವರದೆನಿಸಿತು.

"ಹಬ್ಬದ ಹಿಂದಿನ ದಿನ. ನಾವು ಊರಿಗೆ ಹೊರಟಿದ್ವಲ್ಲ, ಪೆಡಲ್ ಸ್ವಲ್ಪ ಮೆತ್ತಗಿದೆ, ಸರಿ ಮಾಡಿಟ್ಟು ಹೋಗ್ತೀನಿ ಅಂದಿದ್ದೆ. ಒಳ್ಳೆ ಆಯಿಲ್ ಇದೆ ಸರ್ ಅಂತ ತಂದ. ಪಾಪ, ಎಷ್ಟು ಸಂಪ್ರದಾಯಸ್ಥ ಹುಡುಗ ಅಂತೀರಿ. 'ಹಬ್ಬ ಕಳೀಲಿ ಸರ್, ಶನಿವಾರ ಹೊರಡೋ ಮುಂಚೆ ಹಾಕಿ, ಆಯುಧ ಪೂಜೆಲಿ ಮಾತ್ರ ಮುಟ್ಟಬೇಡಿ' ಅಂತ ನನಗೇ ಬುದ್ಧಿ ಹೇಳಿ ಹೋದ."

"ವಿಜಯದಶಮಿ ಬೆಳಿಗ್ಗೆ ಕಾರು ಕೇಳ್ಲಿಕ್ಕೆ ಬಂದಾಗ?"

"ಭಜನೆಗೆ ಜನರನ್ನ ಕರ್ಕೊಂಡು ಬರಬೇಕಿತ್ತು, ಅವನ ಕಂಪನಿ ಪಿಕಪ್ಪಲ್ಲಿ ಜಾಗ ಸಾಲ್ದು. 'ಬ್ರೇಕ್ ಕೆಲಸ ಇನ್ನೂ ಮಾಡಿಲ್ಲ ಅಲ್ವಾ ಸರ್?' ಅಂತ ಕೇಳ್ದ. ಒಂದ್ಸಲ ಅಲ್ಲ, ಕೀ ತಗೊಂಡ ಮೇಲೂ ಇನ್ನೊಂದ್ಸಲ ಕೇಳ್ದ."

"ನೀವು ಎಂತ ಹೇಳಿದ್ರಿ?"

ಬಾಲಸುಬ್ರಹ್ಮಣ್ಯ ನೆಲ ನೋಡಿದರು. "ಇಲ್ಲಪ್ಪ, ಮುಟ್ಟೇ ಇಲ್ಲ ಅಂದೆ. ಮತ್ತೇನು ಹೇಳ್ಲಿ? ಅಷ್ಟು ಭಾಷಣ ಬಿಗಿದು, ಹಬ್ಬದ ದಿನವೇ ಮಾಡ್ದೆ ಅಂತ ಆ ಹುಡುಗನ ಮುಂದೆ ಹೇಳೋಕಾಗುತ್ತಾ?"

ಕಿಟ್ಟಣ್ಣ ಕಣ್ಣು ಮುಚ್ಚಿದರು. ಬೆಳಗಿನಿಂದ ಮೂಗಿಗೆ ಅಂಟಿದ್ದ ನಾತ ಈಗ ತಲೆಯೊಳಗೇ ಇಳಿದಂತಾಯಿತು.

ಆಯುಧ ಪೂಜೆಯಲ್ಲಿ ನಮ್ಮವರು ಯಾರೂ ಉಪಕರಣ ಮುಟ್ಟುವುದಿಲ್ಲ. ಆ ನಂಬಿಕೆಯ ಮೇಲೆ ಭಾರ ಹಾಕಿಯೇ ಯಶವಂತ್ ಆ ಬೆಳಿಗ್ಗೆ ಧೈರ್ಯವಾಗಿ ಸ್ಟೀರಿಂಗ್ ಹಿಡಿದಿದ್ದ. ಬಾಟಲಿ ಇನ್ನೂ ಬಾಟಲಿಯಾಗಿಯೇ ಇದೆ, ಕಾರು ಇವತ್ತಿನ ಮಟ್ಟಿಗೆ ಸರಿಯಿದೆ ಎಂದುಕೊಂಡು. ಬಾಟಲಿಯಲ್ಲಿ ಏನಿದೆ ಎಂದು ಗೊತ್ತಿಲ್ಲದವನಿಗೆ ಎರಡೆರಡು ಸಲ ಕೇಳುವ ಅಗತ್ಯವೇನಿತ್ತು? ಲಾಕಪ್ಪಿನಲ್ಲಿ ಕೂತು ಬ್ರೇಕ್ ಹಿಡಿಯಲಿಲ್ಲ ಎಂದು ಗೋಳಾಡಿದವನು ತಾನೇ ಆಯಿಲ್ ಕೊಟ್ಟೆ ಎಂದು ಒಂದು ಸಲವೂ ಯಾಕೆ ಬಾಯಿ ಬಿಡಲಿಲ್ಲ?

"ನಮ್ಮನ್ನ ಕೊಲ್ಲೋಕೆ ಅವನಿಗೇನು ಹಗೆ?" ಕೋಕಿಲಾ ಪಿಸುಗುಟ್ಟಿದಳು. ಆಕೆಗೂ ಅರ್ಥವಾಗತೊಡಗಿತ್ತು. "ನಾವು ಶನಿವಾರ ಆಯಿಲ್ ಹಾಕಿ ರಾತ್ರಿ ವಿಮಾನ ಹತ್ತೋರು. ಆ ಕಾರಲ್ಲಿ ನಾವು ಕೂರ್ತಾನೇ ಇರ್ಲಿಲ್ಲ."

"ಮತ್ತೆ ಕಾರು ಇಲ್ಲಿ ಸುಮ್ನೆ ನಿಲ್ತಾ ಇತ್ತಾ?"

"ಇಲ್ಲ..." ಕೋಕಿಲಾಳ ಕಣ್ಣುಗಳು ಅಗಲವಾದವು. ಗೇಟಿನ ಕಡೆ ತಿರುಗಿದವು. "ತಿಂಗಳು ಪೂರ್ತಿ ಓಡಿಸ್ಕೊ ಅಂತ ಕೊಟ್ಟು ಹೋಗೋದಿತ್ತು. ಹೊಸದಾಗಿ ಲೈಸೆನ್ಸ್ ಸಿಕ್ಕಿದೆ, ಕೈ ಕುದುರ್ಲಿ ಅಂತ ಅವನೇ ಬಂದು ಕೇಳಿದ್ದ. ಸೌಜನ್ಯಂಗೆ."

* * *

ಹೊರಗೆ ಬಿಸಿಲು ಮುಖಕ್ಕೆ ರಾಚಿತು. ಕಿಟ್ಟಣ್ಣ ಬಾಟಲಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಕಾರಿನ ಬಾಗಿಲು ತೆಗೆದರು. ಮುಂದಿನ ಸೀಟಿನಲ್ಲಿ ಸೌಜನ್ಯ ನೆಟ್ಟಗೆ ಕೂತಳು.

"ಏನಾಯ್ತು ಅಂಕಲ್? ಒಪ್ಕೊಂಡ್ರಾ?"

ಅವರು ಮಾತಾಡುವ ಮೊದಲೇ ಹಿಂದಿನಿಂದ ಬಾಲಸುಬ್ರಹ್ಮಣ್ಯ ದಡದಡ ಬಂದರು. ಇಸ್ತ್ರಿಯ ಅಂಗಿ, ಹೊಸದಾಗಿ ಹಚ್ಚಿದ ವಿಭೂತಿ. ಹಿಂದಿನ ಬಾಗಿಲು ತೆರೆದು ಕೂತೇಬಿಟ್ಟರು.

"ಅಳಬೇಡಮ್ಮ. ಎಲ್ಲ ಹೇಳ್ತೀನಿ ನಾನು. ಬ್ರೇಕ್ ಫೇಲಾಗಿದ್ದೇ ನಿಜ. ನನ್ನ ಮಾತಿನ ಮೇಲೆ ನಿನ್ನ ಗಂಡ ಇವತ್ತೇ ಹೊರಗೆ ಬರ್ತಾನೆ, ನೋಡ್ತಿರು." ಬಾಟಲಿಯ ಸಂಗತಿ ಅವರ ತಲೆಗೆ ಇನ್ನೂ ಇಳಿದೇ ಇರಲಿಲ್ಲ. ತಾನು ವಿಕ್ಟಿಮ್ ಎಂಬಲ್ಲಿಗೇ ಅದು ನಿಂತುಬಿಟ್ಟಿತ್ತು.

ಸೌಜನ್ಯ ಹಿಂದಕ್ಕೆ ತಿರುಗಿ ಎರಡೂ ಕೈ ಜೋಡಿಸಿದಳು. ಕಣ್ಣೀರು ಕ್ಯಾರಿಯರಿನ ಮುಚ್ಚಳದ ಮೇಲೆ ಬಿತ್ತು. ವಾರದಲ್ಲಿ ಮೊದಲ ಸಲ ಆಕೆಯ ಮುಖದಲ್ಲಿ ನಗು ಮೂಡಿದ್ದನ್ನು ಕಿಟ್ಟಣ್ಣ ನೋಡಿದರು. ನೋಡಲಾಗದೆ ಸ್ಟೀರಿಂಗಿನ ಕಡೆ ತಿರುಗಿದರು.

"ನಿನ್ನೆ ಸ್ಟೇಷನ್ನಲ್ಲಿ ಅವ್ರು ತುಂಬಾ ಅತ್ತರು ಅಂಕಲ್," ಎಂದಳು ಸೌಜನ್ಯ. "ನನ್ನ ಕೈ ಹಿಡ್ಕೊಂಡು ಹೇಳಿದ್ರು, ಹೊರಗೆ ಬಂದ ಮೇಲೆ ನಿನಗೇ ಅಂತ ಒಂದು ಕಾರು ತರ್ತೀನಿ, ಆದ್ರೆ ಇನ್ಮೇಲೆ ಬೇರೆಯವರ ಕೈಗೆ ಕೊಡಲ್ಲ, ಅದರ ರಿಪೇರಿಯೆಲ್ಲ ನಾನೇ ನಮ್ಮನೇಲೇ ಮಾಡ್ತೀನಿ ಅಂತ."

ಕಿಟ್ಟಣ್ಣ ಕೀ ತಿರುಗಿಸದೆ ಹಾಗೇ ಕೂತರು.

"ಹೋಗೋಣ ಅಂಕಲ್," ಎಂದಳು ಆಕೆ, ಕ್ಯಾರಿಯರನ್ನು ಎದೆಗೆ ಒತ್ತಿಕೊಂಡು. "ಅವ್ರು ಕಾಯ್ತಿರ್ತಾರೆ."